ಗೀಟಣ್ಣನ ಬಲಗಣ್ಣು

ಗೀಟಣ್ಣ ಹಲಗೆಯನ್ನು ಸುಮ್ಮನೆ ನೋಡುವವನಲ್ಲ, ಬಂದೂಕು ಹಿಡಿದವನ ಹಾಗೆ ಗುರಿಯಿಡುವವನು. ಒಂದು ತುದಿಯನ್ನು ಎತ್ತಿ ಮೂಗಿನ ಮಟ್ಟಕ್ಕೆ ತಂದು, ಇನ್ನೊಂದು ತುದಿಯನ್ನು ನೆಲಕ್ಕೆ ಊರಿ, ಎಡಗಣ್ಣು ಮುಚ್ಚಿ, ಬಾಯಿಯನ್ನು ಕೊಂಚ ಸೊಟ್ಟ ಮಾಡಿಕೊಂಡು ಬಲಗಣ್ಣಿನಿಂದ ಅಂಚಿನುದ್ದಕ್ಕೂ ನೋಟ ಹಾಯಿಸುತ್ತಾನೆ. ಉಬ್ಬು ಕಂಡಲ್ಲಿ ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು ಒಂದು ಗೀಟು ಎಳೆಯುತ್ತಾನೆ. ಆಮೇಲೆ ಹತ್ತರಿ ಹಿಡಿದು ಆ ಗೀಟು ಅಳಿಸಿಹೋಗುವವರೆಗೆ ಮರ ಹೆರೆಯುತ್ತಾನೆ. ಮತ್ತೆ ಗುರಿ, ಮತ್ತೆ ಗೀಟು. ಕೆಲಸ ಕಲಿಸಿದ ಸೋದರಮಾವ ಅಳತೆಪಟ್ಟಿಯನ್ನು ಅಂಚಿಗೆ ಹಚ್ಚಿ ನೋಡಿದವನಲ್ಲ. "ಕಣ್ಣಿದ್ದವನಿಗೆ ಕೋಲು ಯಾಕೋ" ಎನ್ನುತ್ತಿದ್ದ. ಗೀಟಣ್ಣನೂ ಅದನ್ನೇ ನಂಬಿದ್ದ.

ಗೀಟು ಎಳೆಯುವ ಚಾಳಿ ಮರಕ್ಕೇ ನಿಂತಿರಲಿಲ್ಲ. ಗೋಡೆ, ಪ್ಯಾಂಟು, ಬಸ್ ಟಿಕೆಟ್ಟು, ಯಾವುದನ್ನೂ ಬಿಟ್ಟವನಲ್ಲ. ಮದುವೆಯ ದಿನ ಬೆಂಚುಗಳ ಸಾಲು ಸೊಟ್ಟಗಿದೆಯೆಂದು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಬಗ್ಗಿದ್ದ ಮದುಮಗನನ್ನು ಹೆಣ್ಣಿನ ಕಡೆಯ ಹಿರಿಯರೊಬ್ಬರು ಕೆಲಸದಾಳೆಂದು ತಿಳಿದು, ಇನ್ನೆರಡು ಬೆಂಚು ತಂದು ಹಾಕಪ್ಪಾ ಅಂದಿದ್ದರು. ಅವನು ತಂದು ಹಾಕಿದ್ದ, ಅದೂ ನೇರವಾಗಿ. ಅಂದಿನಿಂದ ಅವನ ಸ್ವಂತ ಹೆಸರು ಯಾರಿಗೂ ಬೇಕಾಗಲಿಲ್ಲ.

ಅಂದು ಮದುಮಗಳಾಗಿದ್ದವಳು ಈಗ ಅವನ ಕೆಲಸದ ಅರ್ಧ ಪಾಲುದಾರಳು. ಮನೆಯ ಹಿಂದೆ ತಗಡಿನ ಸೂರಿನ ಕಾರ್ಖಾನೆ. ಕಾರ್ಖಾನೆ ಎನ್ನುವುದು ಮರ್ಯಾದೆಯ ಮಾತು, ಒಂದು ಕಿಟಕಿ, ಒಂದು ಉದ್ದನೆಯ ಮೇಜು, ಗೋಡೆಗೊರಗಿದ ಹಲಗೆಗಳು, ಗೊರಗೊರ ಎನ್ನುವ ಒಂದು ರೇಡಿಯೊ. ಕಿಟಕಿಯ ಕಡೆ ಅವನು ಕೊಯ್ದು ಹೆರೆಯುತ್ತಾನೆ. ಬಾಗಿಲ ಕಡೆ ಅವಳು ಮರಳುಕಾಗದ ಹಾಕಿ ತಿಕ್ಕಿ, ಪಾಲಿಶ್ ಹಚ್ಚುತ್ತಾಳೆ. ಪಾಲಿಶ್ ಮಾಡುವ ಮೊದಲು ಅಂಗೈಯನ್ನು ಮರದ ಮೇಲೆ ಒಮ್ಮೆ ಉದ್ದಕ್ಕೂ ಸವರುವುದು ಅವಳ ಪದ್ಧತಿ. ಹಾಗೆ ಸವರುವಾಗ ಅವಳು ಮರದ ಕಡೆ ನೋಡುವುದಿಲ್ಲ. ಕಿಟಕಿಯಾಚೆ ಎಲ್ಲೋ ನೋಡುತ್ತಿರುತ್ತಾಳೆ.

ಸಕ್ಕರೆ ಕಾಯಿಲೆ ಆ ಮನೆಗೆ ಬಂದು ಬಹಳ ವರ್ಷಗಳಾಗಿದ್ದವು. ಹಳೆಯ ಬಾಡಿಗೆದಾರನ ಜೊತೆ ಹೊಂದಿಕೊಂಡ ಹಾಗೆ ಗೀಟಣ್ಣ ಅದರ ಜೊತೆ ಹೊಂದಿಕೊಂಡಿದ್ದ. ಮಾತ್ರೆ ನುಂಗುತ್ತಿದ್ದ, ಚಹಾಕ್ಕೆ ಸಕ್ಕರೆ ಬಿಟ್ಟಿದ್ದ, ಬಿಸ್ಕತ್ತು ಬಿಟ್ಟಿರಲಿಲ್ಲ. ರಕ್ತದೊತ್ತಡ ಆಮೇಲೆ ಬಂದದ್ದು. ಅದಕ್ಕೆ ಅವನು ಯಾವ ಮರ್ಯಾದೆಯನ್ನೂ ಕೊಡಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಕಾಯಿಲೆ ತೋಳಿಗೆ ಸೇರಿದ್ದೆಂದು ಅವನ ಲೆಕ್ಕ. ತೋಳು ಗಟ್ಟಿಯಾಗಿತ್ತು, ಇಡೀ ದಿನ ಹತ್ತರಿ ಎಳೆಯುತ್ತಿತ್ತು.

"ತಲೆ ನೋಯಲ್ಲ, ಸುತ್ತಲ್ಲ, ಎದೆ ಹೊಡ್ಕೊಳಲ್ಲ. ಇಲ್ಲದ ಕಾಯ್ಲೆಗೆ ಮಾತ್ರೆ ಯಾಕೆ?" ಅಂದಿದ್ದ ಒಮ್ಮೆ.

"ಡಾಕ್ಟ್ರು ಬರ್ದವ್ರೆ, ನುಂಗಿ" ಎಂದು ಹೆಂಡತಿ ದಿನವೂ ಬೆಳಿಗ್ಗೆ ಚಹಾದ ಪಕ್ಕ ಎರಡೂ ಮಾತ್ರೆ ಇಡುತ್ತಿದ್ದಳು. ಲೋಟದ ಜೊತೆ ಮಾತ್ರೆಗಳೂ ಖಾಲಿಯಾಗುತ್ತಿದ್ದುದರಿಂದ ಅವಳು ಹೆಚ್ಚು ವಿಚಾರಿಸಲಿಲ್ಲ. ಕಣ್ಣಿನ ಪರೀಕ್ಷೆಯನ್ನೂ ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬೇಕೆಂದು ಯಾರೋ ಹೇಳಿದ್ದರು. ಬಡಗಿಯ ಕಣ್ಣನ್ನು ಇನ್ನೊಬ್ಬರು ಪರೀಕ್ಷಿಸುವುದೇನು ಎಂದು ಗೀಟಣ್ಣ ಅದನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದ.

ಹೀಗಿರುವಾಗ ಬೇಕರಿಯಮ್ಮ ಕೆಲಸ ತಂದರು. ಬೇಕರಿ ಇರುವ ಬೀದಿಯ ತಿರುವಿನಲ್ಲಿ ಅವರದು ಇನ್ನೊಂದು ಅಂಗಡಿ ಏಳುತ್ತಿತ್ತು. ಅದಕ್ಕೆ ಉದ್ದನೆಯ ಕೌಂಟರು ಬೇಕು, ಮರದ ಚೌಕಟ್ಟು, ಮೇಲೆ ಒಂದೇ ತುಂಡಿನ ಗಾಜು. ಗಾಜು ಕತ್ತರಿಸುವುದು ಗೀಟಣ್ಣನ ಬಾಮೈದ, ಅಂದರೆ ಹೆಂಡತಿಯ ತಮ್ಮ. ಮನೆಯೊಳಗಿನ ಕೆಲಸ ಎಂದು ಎಲ್ಲರೂ ಖುಷಿಯಾದರು.

ಮರ ಮಾತ್ರ ಮಾತು ಕೇಳಲಿಲ್ಲ. ಮೊದಲ ಹಲಗೆಯನ್ನು ಎತ್ತಿ ಗುರಿಯಿಟ್ಟಾಗಲೇ ಗೀಟಣ್ಣನಿಗೆ ನಡುವೆ ಒಂದು ಉಬ್ಬು ಕಂಡಿತು. ಗೀಟು ಎಳೆದ, ಹೆರೆದ, ನೋಡಿದ. ಉಬ್ಬು ಅಲ್ಲೇ ಇತ್ತು. ಮತ್ತೆ ಹೆರೆದ. ಎರಡನೆಯ ಹಲಗೆಯಲ್ಲೂ ಅದೇ ಉಬ್ಬು, ಮೂರನೆಯದರಲ್ಲೂ ಅದೇ. ಅವನ ನೋಟ ಅಂಚಿನ ಮೇಲೆ ಎಲ್ಲಿಗೆ ಸರಿಯಿತೋ ಉಬ್ಬೂ ಅವನ ಹಿಂದೆಯೇ ಅಲ್ಲಿಗೆ ಸರಿಯುತ್ತಿತ್ತು. ಸಾಕಿದ ನಾಯಿಯೂ ಅಷ್ಟು ನಿಷ್ಠೆಯಿಂದ ಬರಲಾರದು. ಹಸಿ ಮರ ಕೊಟ್ಟಿದ್ದಾನೆಂದು ಮರದ ಡಿಪೋದವನಿಗೆ ಫೋನಿನಲ್ಲಿ ಬೈದ. ಕೊನೆಗೆ ಸೋದರಮಾವನ ಮಾತು ಮೀರಿ ಉಕ್ಕಿನ ಅಳತೆಪಟ್ಟಿಯೊಂದನ್ನು ಹುಡುಕಿ ತೆಗೆದು ಅಂಚಿಗೆ ಹಚ್ಚುವ ಮೊದಲು ಅದನ್ನೂ ಎತ್ತಿ ಗುರಿಯಿಟ್ಟು ನೋಡಿದ. ಅದೂ ಡೊಂಕಾಗಿತ್ತು.

ಪಟ್ಟಿ ಹಳೆಯದು, ಎಲ್ಲೋ ಬಗ್ಗಿರಬೇಕು ಎಂದುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೊಸದನ್ನು ಕೇಳಿದ. ಅಂಗಡಿಯವನು ಕೊಟ್ಟದ್ದನ್ನು ಬೀದಿಯಲ್ಲೇ ನಿಂತು ಗುರಿಯಿಟ್ಟು ನೋಡಿ ವಾಪಸು ಕೊಟ್ಟ. ಇನ್ನೊಂದನ್ನೂ ವಾಪಸು ಕೊಟ್ಟ. ಮೂರನೆಯದನ್ನು ಮುಟ್ಟಲೂ ಇಲ್ಲ, ದೂರದಿಂದಲೇ ಬೇಡ ಅಂದ.

"ಎಲ್ಲಾ ಡೊಂಕು. ಎಲ್ಲಿಂದ ತರ್ಸ್ತೀಯಪ್ಪಾ ಇವನ್ನ?"

ಅಂಗಡಿಯವನು ಮೂರನ್ನೂ ಒಂದರ ಬೆನ್ನಿಗೊಂದು ಜೋಡಿಸಿ ಬೆಳಕಿಗೆ ಹಿಡಿದ. ನಡುವೆ ಕೂದಲೆಳೆಯಷ್ಟು ಬೆಳಕೂ ತೂರಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನೀವು ಹಾಗನ್ನೋರಲ್ಲ ಗೀಟಣ್ಣ, ಅದಕ್ಕೇ ನಂಗೆ ಭಯ ಆಗ್ತಿದೆ" ಅಂದ.

ಗೀಟಣ್ಣ ಮನೆಗೆ ಬಂದು ಹತ್ತರಿ ಹಿಡಿದ. ಕೌಂಟರಿನ ಚೌಕಟ್ಟು ಹೇಗೋ ಕೂಡಿತು. ಅಂಗೈ ಸವರಿ ನೋಡುವ ಸರದಿ ಹೆಂಡತಿಯದು. ಅವಳು ಎಂದಿನಂತೆ ಕಿಟಕಿಯಾಚೆ ನೋಡುತ್ತಾ ಕೈಯಾಡಿಸುತ್ತಿದ್ದವಳು ನಡುವೆ ನಿಂತಳು. ಹಿಂದಕ್ಕೆ ಹೋಗಿ ಮತ್ತೆ ಸವರಿದಳು.

"ರೀ, ಇಲ್ಲಿ ತಗ್ಗಿದೆ."

"ಅಲ್ಲಿರೋದು ಉಬ್ಬು ಕಣೇ. ಇನ್ನೂ ಹೆರೀಬೇಕು."

"ಉಬ್ಬಲ್ಲ, ತಗ್ಗು. ದೋಣಿ ಮಾಡಿಟ್ಟಿದೀರಿ."

"ನಿನ್ನ ಕೈಗೆ ವಯಸ್ಸಾಯ್ತು."

"ಆಗ್ಲಿ. ಕೈಗಿಂತ ದೊಡ್ಡೋರು ನೀವು, ನಿಮಗೆ ಆಗಿಲ್ವಾ?"

ಆ ದಿನ ರೇಡಿಯೊ ಒಂದೇ ಇಬ್ಬರ ಪರವಾಗಿಯೂ ಮಾತಾಡಿತು. ಗೀಟಣ್ಣ ಇನ್ನೊಂದು ಸಲ ಹೆರೆದ.

ಬಾಮೈದ ಗಾಜು ತಂದ. ಇಬ್ಬರು ಹಿಡಿದು ಚೌಕಟ್ಟಿನ ಮೇಲೆ ಇಳಿಸಿದರು. ತುದಿಗಳಲ್ಲಿ ಕೂತ ಗಾಜು ನಡುವೆ ಕೂರಲಿಲ್ಲ. ಬಾಮೈದ ಬಗ್ಗಿ ನೋಡಿ, ಜೇಬಿನಿಂದ ಬೆಂಕಿಕಡ್ಡಿ ತೆಗೆದು ಗಾಜು ಮತ್ತು ಮರದ ನಡುವೆ ತೂರಿಸಿದ. ಕಡ್ಡಿ ಸಲೀಸಾಗಿ ಒಳಗೆ ಹೋಯಿತು.

"ಭಾವ, ಇರುವೆಗಳಿಗೆ ಓಡಾಡೋಕೆ ದಾರಿ ಬಿಟ್ಟಿದೀರಾ? ಬೇಕರಿ ಅಲ್ವಾ, ಬೇಕಾಗುತ್ತೆ ಅಂತಾನಾ?"

"ನಿನ್ನ ಗಾಜೇ ಡೊಂಕಿರ್ಬೇಕು."

"ಗಾಜು ಡೊಂಕಾದ್ರೆ ಬಗ್ಗಲ್ಲ ಭಾವ, ಒಡೆಯುತ್ತೆ."

ಹೆಂಡತಿ ನಗಲಿಲ್ಲ. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ನಿಮಗೆ ಗಾಜೇ ಬೇಕಾಯ್ತು" ಎಂದವಳು ಹತ್ತಿರ ಬಂದು, ಪಾಲಿಶಿನ ವಾಸನೆಯ ಅಂಗೈಯಿಂದ ಗಂಡನ ಬಲಗಣ್ಣನ್ನು ಮುಚ್ಚಿದಳು. "ಈಗ ಆ ಕಣ್ಣಲ್ಲಿ ನೋಡಿ."

ಗೀಟಣ್ಣ ಆವರೆಗೆ ಎಡಗಣ್ಣೊಂದರಿಂದ ಏನನ್ನೂ ನೋಡಿದವನಲ್ಲ. ಅದು ಮುಚ್ಚಲೆಂದೇ ಇದ್ದ ಕಣ್ಣು. ಕುತ್ತಿಗೆಯನ್ನು ಅತ್ತಿತ್ತ ಆಡಿಸಿ, ತಡಕಾಡಿ, ಕೊನೆಗೆ ಅಂಚು ಸಿಕ್ಕಿತು. ನಡುವೆ ತಗ್ಗಿತ್ತು. ದೋಣಿಯೇ. ಹೆಂಡತಿಯ ಕೈಯನ್ನು ಸರಿಸಿ ಎಡಗಣ್ಣು ಮುಚ್ಚಿದ. ತಗ್ಗು ಎದ್ದು ಉಬ್ಬಾಯಿತು, ಉಬ್ಬಿನ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ ಮಸುಕು. ಮತ್ತೆ ಎಡಗಣ್ಣು, ಮತ್ತೆ ಬಲಗಣ್ಣು. ಎರಡೂ ತೆರೆದರೆ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತಿತ್ತು. ಹಾಗಾಗಿಯೇ ಇಷ್ಟು ಕಾಲ ತಿಳಿಯಲಿಲ್ಲ.

ಮರದಲ್ಲಿ ಇಲ್ಲದ ಉಬ್ಬನ್ನು ಅವನು ದಿನಗಟ್ಟಲೆ ಹೆರೆದಿದ್ದ. ಹಲಗೆಗಳ ರಾಶಿಯ ಮೇಲೆ ಕೂತು, "ಡಿಪೋದವನಿಗೆ ಸುಮ್ನೆ ಬೈದೆ" ಅಂದ. ಅವನು ಕಿವಿಯ ಸಂದಿಯ ಪೆನ್ಸಿಲು ತೆಗೆದು ಪಕ್ಕಕ್ಕಿಟ್ಟುದನ್ನು ಬಾಮೈದ ಕಂಡು, ಬಾಯಿಗೆ ಬಂದಿದ್ದ ಇನ್ನೊಂದು ತಮಾಷೆಯನ್ನು ನುಂಗಿಕೊಂಡ.

ಕಣ್ಣಿನ ಆಸ್ಪತ್ರೆಯಲ್ಲಿ ನಡುವಯಸ್ಸಿನ ಡಾಕ್ಟರಮ್ಮ ಮೊದಲು ಅವನ ಕೈಗೊಂದು ಚೌಕಳಿ ಚೌಕಳಿ ಗೆರೆಗಳ ಹಾಳೆ ಕೊಟ್ಟರು. ನಡುವೆ ಒಂದು ಚುಕ್ಕಿ. ಬಲಗಣ್ಣಿನಿಂದ ಚುಕ್ಕಿಯನ್ನು ನೋಡಿ ಗೆರೆಗಳು ಹೇಗೆ ಕಾಣುತ್ತವೆಂದು ಹೇಳಬೇಕು.

"ಇದನ್ನ ಗೀಚಿದೋನನ್ನ ಮೊದ್ಲು ಕೆಲಸದಿಂದ ತೆಗೀರಿ" ಅಂದ ಗೀಟಣ್ಣ.

ಡಾಕ್ಟರಮ್ಮ ನಕ್ಕು, ಅದೇ ಹಾಳೆಯನ್ನು ಎಡಗಣ್ಣಿಗೆ ತೋರಿಸಿದರು. ಗೆರೆಗಳೆಲ್ಲ ನೆಟ್ಟಗೆ ನಿಂತವು. ಆಮೇಲೆ ಹನಿ ಹಾಕಿ, ಯಂತ್ರದ ಮುಂದೆ ಗಲ್ಲ ಊರಿಸಿ, ಕಣ್ಣಿನ ಹಿಂಭಾಗದ ಚಿತ್ರ ತೆಗೆದರು. ಪರದೆಯ ಮೇಲೆ ಪದರ ಪದರವಾಗಿ ಏನೋ ಮೂಡಿತು. ನಡುವೆ ತಗ್ಗಿರಬೇಕಾದ ಜಾಗದಲ್ಲಿ ದಿಬ್ಬ ಎದ್ದಿತ್ತು.

"ಇಲ್ಲಿ ಸಣ್ಣ ಸಣ್ಣ ರಕ್ತನಾಳಗಳಿವೆ. ಸಕ್ಕರೆ ಕಾಯ್ಲೆ ಅವನ್ನ ಹಾಳು ಮಾಡಿದೆ. ನೀರು ಜಿನುಗಿ ನಡುಭಾಗ ಊದಿದೆ. ಅದಕ್ಕೇ ನೆಟ್ಟಗಿರೋದು ಡೊಂಕಾಗಿ ಕಾಣುತ್ತೆ."

"ನೀರು ಕುಡಿದ ಪ್ಲೈವುಡ್ಡು" ಅಂದ ಗೀಟಣ್ಣ.

"ಅದೇ. ಬಿಪಿ ಎಷ್ಟಿದೆ?"

ನರ್ಸು ತೋಳಿಗೆ ಪಟ್ಟಿ ಸುತ್ತಿದಳು. ಕಣ್ಣಿನ ಆಸ್ಪತ್ರೆಯಲ್ಲೂ ತೋಳೇ ಯಾಕೆ ಎಂದು ಗೀಟಣ್ಣನಿಗೆ ಆಶ್ಚರ್ಯವಾಯಿತು. ಯಂತ್ರದ ಅಂಕಿ ನೋಡಿ ಡಾಕ್ಟರಮ್ಮನ ಹುಬ್ಬು ಮೇಲೇರಿತು. "ಮಾತ್ರೆ ತಗೋತಿದೀರಾ?"

"ದಿನಾ ನಾನೇ ಕೈಯಾರೆ ಕೊಡ್ತೀನಿ ಡಾಕ್ಟ್ರೇ" ಎಂದಳು ಹೆಂಡತಿ.

ಗೀಟಣ್ಣ ಸೂರಿನ ಕಡೆ ನೋಡಿದ. ಅಲ್ಲಿ ಫ್ಯಾನು ತಿರುಗುತ್ತಿತ್ತು.

"ರೀ."

"ಮೊಳೆ ಡಬ್ಬೀಲಿದಾವೆ" ಅಂದ ಮೆಲ್ಲಗೆ.

"ಯಾವುದು?"

"ಬಿಳೀವು. ಬಿಪೀವು."

"ಎಷ್ಟಿವೆ?"

"ಡಬ್ಬಿ ತುಂಬಾ ಇವೆ. ಮೊಳೆ ಬೇರೆ ಡಬ್ಬಿಗೆ ಹಾಕ್ದೆ."

ಹೆಂಡತಿ ಡಾಕ್ಟರಮ್ಮನ ಮುಖ ನೋಡಿದಳು, ಡಾಕ್ಟರಮ್ಮ ಹೆಂಡತಿಯ ಮುಖ ನೋಡಿದರು. ಇಬ್ಬರು ಹೆಂಗಸರ ನಡುವೆ ಮಾತಿಲ್ಲದೆ ಒಂದು ಒಪ್ಪಂದವಾಯಿತು. ಡಾಕ್ಟರಮ್ಮ ಪರದೆಯ ದಿಬ್ಬದ ಮೇಲೆ ಬೆರಳಿಟ್ಟು ಹೇಳಿದರು: "ಸೋರೋ ಕೊಳಾಯೀಲಿ ಒತ್ತಡ ಜಾಸ್ತಿ ಮಾಡಿದ್ರೆ ಏನಾಗುತ್ತೆ? ಅದನ್ನೇ ನೀವು ಮಾಡಿರೋದು. ಬಿಪಿ ನೋವು ಕೊಟ್ಟು ಹೇಳಲ್ಲ. ಹೀಗೆ ಹೇಳುತ್ತೆ."

ಚಿಕಿತ್ಸೆಯೆಂದರೆ ಕಣ್ಣಿನೊಳಕ್ಕೇ ಚುಚ್ಚುಮದ್ದು, ತಿಂಗಳಿಗೊಂದರಂತೆ ಕೆಲವು ತಿಂಗಳು. ಎಡಗಣ್ಣಿನಲ್ಲೂ ಕಾಯಿಲೆ ಶುರುವಾಗಿತ್ತು, ನಡುಭಾಗಕ್ಕೆ ಇನ್ನೂ ಬಂದಿರಲಿಲ್ಲ. ಸಕ್ಕರೆ ಮತ್ತು ಒತ್ತಡ ಹತೋಟಿಗೆ ಬಂದರೆ ಅದನ್ನು ಉಳಿಸಿಕೊಳ್ಳಬಹುದು. ಬಲಗಣ್ಣು ಎಷ್ಟು ನೆಟ್ಟಗಾದೀತೆಂದು ಮುಂಚೆಯೇ ಹೇಳಲಾಗದು. ಹಾಗೇ ಬಿಟ್ಟರೆ ಇನ್ನೂ ಕೆಡುತ್ತದೆಂಬುದನ್ನು ಮಾತ್ರ ಡಾಕ್ಟರಮ್ಮ ಖಚಿತವಾಗಿ ಹೇಳಿದರು. ಗೀಟಣ್ಣ ಒಂದೇ ಪ್ರಶ್ನೆ ಕೇಳಿದ.

"ಅಂಚು ನೋಡಕ್ಕಾಗುತ್ತಾ?"

"ನೋಡೋಣ" ಎಂದರು ಅವರು. ಆಗುತ್ತದೆ ಎನ್ನಲಿಲ್ಲ.

ಚುಚ್ಚುಮದ್ದಿನ ದಿನ ಬರುವವರೆಗೆ ಬಾಮೈದ ದಿನಕ್ಕೊಂದು ಸಲ ಬಂದು ಧೈರ್ಯ ಹೇಳಿದ. ಅವನ ಧೈರ್ಯದ ಮಾತು ಇಂಥದ್ದು: "ಬೇರೆ ಸೂಜಿ ಆದ್ರೆ ಕಣ್ಣು ಮುಚ್ಕೋಬಹುದು ಭಾವ. ಇದ್ರಲ್ಲಿ ಆ ಅನುಕೂಲನೂ ಇಲ್ಲ."

"ನಿನ್ನ ಬಾಯಿಗೊಂದು ಹೊಲಿಗೆ ಹಾಕಿಸ್ತೀನಿ ನೋಡು" ಎಂದಳು ಅಕ್ಕ.

ಗೀಟಣ್ಣ ಎಲ್ಲ ಧೈರ್ಯವನ್ನೂ ಒಟ್ಟುಮಾಡಿಕೊಂಡು, ಗಡ್ಡ ಹೆರೆಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಹೋದ. ನರ್ಸು ಪಟ್ಟಿ ಸುತ್ತಿದಳು, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಸುತ್ತಿದಳು. ಒತ್ತಡ ಇನ್ನೂ ಮೇಲೇ ಇತ್ತು. ಗುಟ್ಟು ಹೊರಬಿದ್ದ ಮೇಲೂ ಅವನು ಬಿಳಿ ಮಾತ್ರೆಯನ್ನು ಒಂದು ದಿನ ನುಂಗಿ ಒಂದು ದಿನ ಬಿಟ್ಟಿದ್ದ. ಇವತ್ತು ಬೇಡ, ಇದು ಇಳಿದ ಮೇಲೆ ಬನ್ನಿ ಎಂದು ಡಾಕ್ಟರಮ್ಮ ವಾಪಸು ಕಳಿಸಿದರು. ಸೂಜಿಗೆ ಹೆದರಿದ್ದವನಿಗೆ ಸೂಜಿ ತಪ್ಪಿದ್ದಕ್ಕೆ ಸಮಾಧಾನವಾಗಬೇಕಿತ್ತು. ಆದರೆ ದಾರಿಯುದ್ದಕ್ಕೂ ಅವನ ಮನಸ್ಸಿನಲ್ಲಿ ಸೋರುವ ಕೊಳಾಯಿಯೇ ತುಂಬಿತ್ತು. ಹೀಗೆ ಹೋದ ಪ್ರತಿ ದಿನವೂ ಹಲಗೆ ಇನ್ನಷ್ಟು ನೀರು ಕುಡಿಯುತ್ತದೆ. ಕಾಯುವುದು ಅವನ ಕೆಲಸದಲ್ಲಿ ಗೊತ್ತಿರುವ ಸಂಗತಿ, ಅಂಟು ಒಣಗಲು ಕಾಯುತ್ತಾನೆ, ಮರ ಒಣಗಲು ಕಾಯುತ್ತಾನೆ. ತನ್ನಿಂದಲೇ ತಡವಾದಾಗ ಕಾಯುವುದು ಅಷ್ಟು ಸುಲಭವಲ್ಲವೆಂದು ಈಗ ತಿಳಿಯಿತು.

ಮನೆಗೆ ಬಂದವನೇ ಮೊಳೆ ಡಬ್ಬಿಯ ಮಾತ್ರೆಗಳನ್ನೆಲ್ಲ ಹೆಂಡತಿಯ ಮುಂದೆ ಸುರಿದ. ಅವುಗಳ ಜೊತೆ ಒಂದೆರಡು ತುಕ್ಕು ಮೊಳೆಗಳೂ ಉದುರಿದವು. ಅವಳು ಎಲ್ಲವನ್ನೂ ಎಸೆದು ಹೊಸ ಮಾತ್ರೆ ತರಿಸಿದಳು. ಅಂದಿನಿಂದ ಅವನು ನುಂಗಿ ಬಾಯಿ ತೆರೆದು ತೋರಿಸಬೇಕಾಯಿತು. "ಹಲ್ಲಿನ ಡಾಕ್ಟ್ರ ಹತ್ರನೂ ಇಷ್ಟು ಬಾಯಿ ತೆಗೆದಿಲ್ಲ" ಎಂದು ಗೊಣಗಿದ. ಕೆಲಸದ ನಡುವೆ ಮೆಲ್ಲುತ್ತಿದ್ದ ಉಪ್ಪು ಕಡಲೇಕಾಯಿ ಬಾಮೈದನ ಪಾಲಾಯಿತು. ಸಂಜೆ ಗಂಡ ಹೆಂಡತಿ ಇಬ್ಬರೂ ಬೀದಿಯ ಕೊನೆಯವರೆಗೆ ನಡೆದು ಬರುವುದು ಹೊಸ ಪದ್ಧತಿ. ಅವನು ಹೆಜ್ಜೆಗೊಂದು ಬಾಗಿಲಿನ ತಪ್ಪು ಎತ್ತಿ ಹೇಳುತ್ತಿದ್ದುದರಿಂದ ನಡಿಗೆ ನಿಧಾನವಾಗಿ ಸಾಗುತ್ತಿತ್ತು.

ಕೆಲವು ವಾರಗಳಲ್ಲಿ ಒತ್ತಡ ಇಳಿಯಿತು. ಚುಚ್ಚುಮದ್ದು ನಡೆಯಿತು. ಮುಖದ ಮೇಲೆ ತೂತಿರುವ ಹಸಿರು ಬಟ್ಟೆ, ಮರಗಟ್ಟಿಸುವ ಹನಿಗಳು, ರೆಪ್ಪೆ ಮುಚ್ಚದಂತೆ ಹಿಡಿಯುವ ತಂತಿ. ಮೇಲೆ ನೋಡಿ ಎಂದರು. ಏನೋ ಒತ್ತಿದಂತಾಯಿತು.

"ಆಯ್ತು."

"ಇಷ್ಟೇನಾ?"

"ಇಷ್ಟೇ."

"ನಾನು ತಿರುಪು ಮೊಳೆ ಬಿಟ್ಟ ಹಾಗೆ ಬಿಡ್ತೀರೇನೋ ಅಂದ್ಕೊಂಡಿದ್ದೆ."

"ಮುಂದಿನ ಸಲ ಬೇಕಿದ್ರೆ ನಿಮ್ಮ ಸಾಮಾನು ತನ್ನಿ" ಎಂದರು ಡಾಕ್ಟರಮ್ಮ, ಕೈಗವಸು ಕಳಚುತ್ತಾ.

ಬೇಕರಿಯಮ್ಮ ಕಾದರು. ಕೌಂಟರು ಕೆಟ್ಟ ಸುದ್ದಿಯನ್ನು ಗೀಟಣ್ಣನೇ ಹೋಗಿ ಹೇಳಿದ್ದ. ಅವರು ಕೇಳಿ, "ನನ್ನ ಅಂಗಡಿ ನೆಲಾನೇ ಇನ್ನೂ ಆಗಿಲ್ಲ. ನಿಮ್ಮ ಕಣ್ಣು ಮೊದ್ಲೋ ನನ್ನ ಗಾರೆಯವ್ನು ಮೊದ್ಲೋ ನೋಡೋಣ" ಅಂದಿದ್ದರು. ಗೀಟಣ್ಣ ಹೊಸ ಹಲಗೆ ತಂದು ಎಡಗಣ್ಣಿನಿಂದ ಕಲಿಯತೊಡಗಿದ. ಅದು ಎಡಗೈಯಲ್ಲಿ ಬರೆಯಲು ಕಲಿತಂತೆ. ಬಲಗಣ್ಣು ಮುಚ್ಚುವ ಅಭ್ಯಾಸವೇ ಆ ಮುಖಕ್ಕಿರಲಿಲ್ಲ. ಮುಚ್ಚಲು ಹೋದರೆ ಎರಡೂ ಮುಚ್ಚುತ್ತಿದ್ದವು, ಮೂಗು ಸುಕ್ಕುಗಟ್ಟುತ್ತಿತ್ತು, ಬಾಯಿ ತಪ್ಪು ಕಡೆಗೆ ಸೊಟ್ಟಗಾಗುತ್ತಿತ್ತು. ಹೆಂಡತಿ ನಗು ತಡೆಯಲಾರದೆ ಕರವಸ್ತ್ರವೊಂದನ್ನು ಅವನ ಬಲಗಣ್ಣಿಗೆ ಅಡ್ಡ ಕಟ್ಟಿದಳು. ಅದನ್ನು ನೋಡಿದ ಬಾಮೈದ, ಸಿನಿಮಾದ ಕಡಲುಗಳ್ಳನ ಹಾಗಿದ್ದೀರಿ, ಹಡಗು ಎಲ್ಲಿ ನಿಲ್ಲಿಸಿದ್ದೀರಿ ಭಾವ ಎಂದು ಕೇಳಿದ.

ಗೀಟು ಎಳೆದ ಮೇಲೆ ಅವನು ಈಗ ಉಕ್ಕಿನ ಪಟ್ಟಿಯನ್ನೂ ಹಚ್ಚುತ್ತಿದ್ದ. ಆಮೇಲೆ, ಯಾರೂ ಹೇಳುವ ಮುಂಚೆಯೇ, "ಒಂದ್ಸಲ ಕೈ ಹಾಕು" ಎಂದು ಹೆಂಡತಿಯನ್ನು ಕರೆಯುತ್ತಿದ್ದ. ಅವಳು ಸವರಿ, ಹೂಂ ಅಂದರೆ ಹೂಂ, ಉಹೂಂ ಅಂದರೆ ಮತ್ತೆ ಹತ್ತರಿ. ಕೌಂಟರು ಮುಗಿಯಲು ಮೊದಲಿಗಿಂತ ಹೆಚ್ಚು ಕಾಲ ಹಿಡಿಯಿತು. ಗಾಜು ಇಟ್ಟ ದಿನ ಬಾಮೈದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹೇಳಲು ಏನೂ ಸಿಗದೆ ಬೇಸರಪಟ್ಟುಕೊಂಡು ಹೋದ. ಬೇಕರಿಯಮ್ಮ ಮೊದಲ ದಿನದ ಬ್ರೆಡ್ಡನ್ನು ಅದರ ಮೇಲಿಟ್ಟು, ಒಂದು ಬಿಸ್ಕತ್ತು ಎತ್ತಿ ಗೀಟಣ್ಣನಿಗೆ ಕೊಡಲು ಹೋಗಿ, ಅವನ ಹಿಂದೆ ನಿಂತಿದ್ದವಳ ಮುಖ ಕಂಡು ತಾವೇ ತಿಂದರು.

ಕೊನೆಯ ಚುಚ್ಚುಮದ್ದಿನ ನಂತರ ಇನ್ನೊಮ್ಮೆ ಚಿತ್ರ ತೆಗೆಯಲು ಕರೆದರು. ಗೀಟಣ್ಣನಿಗೆ ಬಲಗಣ್ಣಿನಲ್ಲಿ ಈಚೆಗೆ ಗೆರೆಗಳು ಅಷ್ಟೇನೂ ಅಲೆಯುತ್ತಿಲ್ಲವೆಂದು ಅನ್ನಿಸುತ್ತಿತ್ತು, ಆದರೆ ಆ ಕಣ್ಣು ಒಮ್ಮೆ ಮೋಸ ಮಾಡಿದ ಸಾಕ್ಷಿ. ಅದರ ಮಾತನ್ನು ಅವನು ನಂಬಿರಲಿಲ್ಲ. ಪರದೆಯ ಮೇಲೆ ಹಳೆಯ ಚಿತ್ರ, ಹೊಸ ಚಿತ್ರ ಅಕ್ಕಪಕ್ಕ ಬಂದವು. ದಿಬ್ಬ ಕುಸಿದಿತ್ತು. ನಡುವಿನ ತಗ್ಗು ತನ್ನ ಜಾಗಕ್ಕೆ ಬಂದಿತ್ತು. ಒಂದು ಮೂಲೆಯಲ್ಲಿ ಮಾತ್ರ ಪದರ ಕೊಂಚ ಸುಕ್ಕಾಗಿ ಉಳಿದಿತ್ತು.

"ಇದು ಇಷ್ಟೇ ಇರುತ್ತೆ ಅನ್ಸುತ್ತೆ. ಪೂರ್ತಿ ಹೋಗಲ್ಲ. ಎಡಗಣ್ಣು ಹೇಗಿತ್ತೋ ಹಾಗೇ ಇದೆ. ಬಿಪಿ, ಸಕ್ಕರೆ ಹೀಗೇ ಇಟ್ಕೊಳ್ಳಿ, ಚೆಕಪ್ಪು ತಪ್ಪಿಸ್ಬೇಡಿ" ಎಂದರು ಡಾಕ್ಟರಮ್ಮ. "ಅಂಚು ನೋಡ್ಬಹುದು."

ಗೀಟಣ್ಣ ಕೈ ಮುಗಿದು ಹೊರಗೆ ಬಂದ. ಆ ದಿನ ಹನಿ ಹಾಕಿರಲಿಲ್ಲವಾದ್ದರಿಂದ ಬೀದಿಯ ಬೆಳಕು ಕಣ್ಣಿಗೆ ಚುಚ್ಚಲಿಲ್ಲ. ಗಂಡ ಹೆಂಡತಿ ಇಬ್ಬರೂ ಬಸ್ ನಿಲ್ದಾಣದಲ್ಲಿ ನಿಂತರು. ಎದುರಿಗೆ ಒಂದು ದೀಪದ ಕಂಬ. ಗೀಟಣ್ಣ ಅದನ್ನೇ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಗುರಿ ಹಿಡಿದ. ಬಲಗಣ್ಣು ಮುಚ್ಚಿ ನೋಡಿದ. ಎಡಗಣ್ಣು ಮುಚ್ಚಿ ನೋಡಿದ. ಎರಡನ್ನೂ ತೆರೆದು ನೋಡಿದ. ಮುಖದ ಬಣ್ಣ ಇಳಿಯಿತು.

"ಲೇ. ಆ ಕಂಬ ನೋಡು. ಹೇಗಿದೆ?"

"ಹೇಗಿದೆ ಅಂದ್ರೆ?"

"ನೆಟ್ಟಗಿದೆಯಾ?"

ಹೆಂಡತಿ ನೋಡಿದಳು. "ಇಲ್ಲ. ವಾಲಿದೆ."

"ನಿಜವಾಗ್ಲೂ?"

"ನಿಜವಾಗ್ಲೂ ರೀ. ಯಾವ್ದೋ ಲಾರಿ ಗುದ್ದಿರ್ಬೇಕು."

"ಯಾವ ಕಡೆಗೆ?"

"ಬಲಕ್ಕೆ."

ಬಲಕ್ಕೇ. ಅವನಿಗೂ ಬಲಕ್ಕೇ ಕಂಡಿತ್ತು, ಎರಡೂ ಕಣ್ಣಿಗೆ ಒಂದೇ ಥರ. ಗೀಟಣ್ಣನ ಮುಖ ಅರಳಿತು. ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಅಪರಿಚಿತನ ತೋಳು ತಟ್ಟಿ, "ಆ ಕಂಬ ಡೊಂಕಾಗಿದೆ ನೋಡಿ" ಅಂದ.

"ಅದು ಮೊದಲಿಂದ್ಲೂ ಹಾಗೇ" ಅಂದ ಅವನು.

"ಗೊತ್ತಾಗ್ತಿದೆ" ಎಂದ ಗೀಟಣ್ಣ. "ಚೆನ್ನಾಗಿ ಗೊತ್ತಾಗ್ತಿದೆ."

ಬಸ್ಸು ಬಂತು. ಅವನು ಕಂಬವನ್ನು ಇನ್ನೊಂದು ಸಲ ನೋಡಬೇಕೆಂದು ಹಿಂದೆ ಉಳಿದ. ಹೆಂಡತಿ ಮೆಟ್ಟಿಲ ಮೇಲಿಂದಲೇ ಅವನ ಅಂಗಿಯ ತೋಳು ಹಿಡಿದು ಒಳಗೆ ಎಳೆದುಕೊಂಡಳು.